ಸಾಬಮ್ಮನ ಸಾವಿರ

ವಾಘೋಲಿ ದಾಟಿ, ಭೀಮೆಯ ದಂಡೆಗೆ, ಆರಿದ ಭಟ್ಟಿ.
ತಹಶೀಲ್ದಾರರ ಜೀಪು ಬಂದುಹೋಗಿ ಮೂರು ದಿನ.
ಜಾಲಿಯ ನೆರಳಲ್ಲಿ ಎರಡೇ ಕುರ್ಚಿ:
ಒಂದರಲ್ಲಿ ಜಿನೀವಾದವಳು, ಇನ್ನೊಂದರಲ್ಲಿ ನಾನು.
ಸಾಬಮ್ಮ ನೆಲದ ಮೇಲೆ. ಎಷ್ಟು ಹೇಳಿದರೂ ಏಳಲಿಲ್ಲ.

ನನ್ನದು ನಡುವಿನ ಕೆಲಸ.
ಅವಳ ಇಂಗ್ಲಿಷು ಇವಳ ಕಿವಿಗೆ,
ಇವಳ ಶಹಾಪುರದ ಮಾತು ಅವಳ ಹಾಳೆಗೆ.
ದಿನಕ್ಕೆ ನಾಲ್ಕು ಸಾವಿರ, ಊಟ ಬೇರೆ.

ನಲವತ್ತಮೂರು ಪ್ರಶ್ನೆ.
ಹನ್ನೊಂದು ದೇಶಗಳಲ್ಲಿ ಇವೇ ನಲವತ್ತಮೂರು.

ಕಾಗದಪತ್ರ ಯಾರಾದರೂ ಇಟ್ಟುಕೊಂಡಿದ್ದಾರೆಯೆ?
'ರೇಷನ್ ಕಾರ್ಡ ಮುಕಾದಮನ ಟ್ರಂಕಿನಾಗ ಅದ.'
ಬೇಕೆಂದಾಗ ಬಿಟ್ಟು ಹೋಗಬಹುದಿತ್ತೆ?
ಸಾಬಮ್ಮ ನದಿಯ ಕಡೆ ಗದ್ದ ಎತ್ತಿದಳು.
'ಈ ನೀರು ನಮ್ಮ ಕಡೀಗೇ ಹೋಗ್ತದ ನೋಡ್ರಿ.
ಅದು ಯಾರ ಕಡೀನೂ ಮುಂಗಡ ತೊಗೊಂಡಿಲ್ಲ.'
ನಾನು 'ನೋ' ಅಂದೆ.
ಚೌಕದಲ್ಲಿ ಒಂದು ಗೀಟು ಬಿತ್ತು.

ದಿನಕ್ಕೆ ಎಷ್ಟು ಇಟ್ಟಿಗೆ?
'ಗಂಡ ಹೆಂಡ್ತಿ ಕೂಡಿ ಒಂದು ಸಾವಿರ.'
ಒಂದು ಸಾವಿರ, ಅಂದೆ. ಬರೆದಾಯಿತು.

ಕಾರು ಹತ್ತುವ ಹೊತ್ತಿಗೆ ನೋಡಿದೆ, ಮೌನೇಶ,
ಆರೋ ಏಳೋ ವಯಸ್ಸು, ಹುಣಸೆಬೀಜ ಎಣಿಸುತ್ತಿದ್ದ.
ಎಂಟು, ಒಂಬತ್ತು, ಹತ್ತು;
ಆಮೇಲೆ ಇನ್ನೊಂದು ಬೀಜ, ಬಾಯಿ ಬಿಡದೆ ಬದಿಗೆ.
ಅದ್ಯಾಕೋ? 'ಅದು ಮಳೀದು.'

ಸಾಬಮ್ಮ ನಕ್ಕಳು.
'ಸಾವಿರಕ್ಕ ನೂರು ಮಳೀ ಪಾಲರೀ, ಒಡೀತಾವಂತ.
ಎಣಿಕಿಗಿ ಬರಂಗಿಲ್ಲ.'
ಮಳೆ ಬರದಿದ್ದರೆ?
'ಬಂದ್ರೂ ನೂರು, ಬರದಿದ್ರೂ ನೂರು.'
ಮತ್ತೆ ನನಗೆ ಸಾವಿರ ಅಂದೆಯಲ್ಲ?
ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.
'ಸಾವಿರ ಅಂದ್ರ ಸಾವಿರದ ನೂರಲ್ಲೇನ್ರೀ?'

ಕಾರಿನಲ್ಲೇ ಹೇಳಿದೆ. ಜಿನೀವಾದವಳು ಫೋನಿನಲ್ಲಿದ್ದಳು,
ತಲೆ ಆಡಿಸಿದಳು.
ಆಮೇಲೆ ಮೇಲ್ ಬರೆದೆ, ಎರಡು ಸಲ.

ಏಪ್ರಿಲ್‌ನಲ್ಲಿ ವರದಿ ಬಂತು. ನುಣುಪು ಕಾಗದ,
ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು, ಒಂದಕ್ಷರ ತಪ್ಪು.
ಅರವತ್ತೆರಡನೆಯ ಪುಟ, ಪುಣೆ ಜಿಲ್ಲೆ:
ಜೋಡಿಗೆ, ದಿನಕ್ಕೆ, ಒಂದು ಸಾವಿರ.

ನಾಲ್ಕು ವರ್ಷ. ವರ್ಷಕ್ಕೆ ಇನ್ನೂರು ದಿನ. ದಿನಕ್ಕೆ ನೂರು.
ಎಂಬತ್ತು ಸಾವಿರ ಇಟ್ಟಿಗೆ
ಖರಾಡಿಯ ಯಾವ ಯಾವ ಗೋಡೆಯೊಳಗೆ ನಿಂತಿವೆಯೋ.
ನನ್ನ ಮನೆಯೂ ಖರಾಡಿಯಲ್ಲೇ.
ಮಾಲೀಕನ ಪುಸ್ತಕದಲ್ಲಿ ಬಿಟ್ಟವನು ಮುಕಾದಮ.
ಜಗತ್ತಿನ ಪುಸ್ತಕದಲ್ಲಿ ಬಿಟ್ಟವಳು ನಾನು.

ನನ್ನ ದಿನಗೂಲಿ ಮಾರನೆಯ ವಾರವೇ ಬಂದಿತ್ತು.
ಬ್ಯಾಂಕಿನಿಂದ ತೆಗೆದು, ಯಾಕೋ, ಎಣಿಸಿದ್ದೆ.
ಸರಿಯಾಗಿ ನಾಲ್ಕು ಸಾವಿರ.
ಮಳೆಯ ಪಾಲು ಯಾರೂ ಹಿಡಿದಿರಲಿಲ್ಲ.