ಮೂರನೇ ಆವಿಗೆ

ಈಲ್ಯವು ಊರಿನ ಹಂಚಿನ ಕಾರ್ಖಾನೆ. ಗುರುವಾರ, ಹತ್ತು ಗಂಟೆ.
ಉದ್ದ ಮೇಜಿನ ಆ ತುದಿಗೆ ಪೆಂಬರ್ಟನ್,
ಈ ತುದಿಗೆ ಆವಿಗೆಯವರು, ಕೈಯ ಬಿಳಿ ಮಣ್ಣನ್ನು
ತೊಡೆಗೆ ಒರೆಸಿಕೊಳ್ಳುತ್ತ.
ನಡುವೆ ನಾನು. ಹನ್ನೊಂದು ವರ್ಷದಿಂದ
ಆಚೆಯ ಮಾತು ಈಚೆಗೆ, ಈಚೆಯದು ಆಚೆಗೆ
ದಾಟಿಸುವ ದೋಣಿ.
ಯಾವ ಮೂಟೆಯನ್ನು ನಡುನೀರಲ್ಲಿ ಬಿಡಬೇಕೆಂದು
ದೋಣಿಗೂ ಗೊತ್ತಿರುತ್ತದೆ.

‘ಪ್ರೊಬ್ಲೇಮಾ’ ಅಂದರೆ ಅವರು, ನಾನು ‘ಚಾಲೆಂಜ್’ ಅಂದೆ.
‘ಕೆಟ್ಟಿದೆ’ ಅಂದರೆ, ‘ಗಮನಿಸುತ್ತಿದ್ದಾರೆ’.
‘ಹೆದರಿಕೆ’ ಅಂದದ್ದು ಒಂದೇ ಸಲ.
ಅದನ್ನು ಕೆಮ್ಮಿ ನುಂಗಿಬಿಟ್ಟೆ.

ಮೋಸ ಅಂತಲ್ಲ. ಎರಡು ಭಾಷೆಗೂ ಅಷ್ಟಷ್ಟು ನಾಚಿಕೆ.
ಇಂಗ್ಲಿಷಿನಲ್ಲಿ, ಮನೆ ಹೊತ್ತಿ ಉರಿಯುತ್ತಿದ್ದರೂ
‘ಅಷ್ಟೇನೂ ಚೆನ್ನಾಗಿಲ್ಲ’ ಅನ್ನುತ್ತಾರೆ.
ನಮ್ಮಲ್ಲಿ ‘ದೆಜೆನ್‌ರಷ್ಕಾರ್’ ಅಂತೊಂದಿದೆ:
ತಂತಿ ಬಿಗಿದು, ಸಾಬೂನು ಮೆತ್ತಿ
ಹೇಗೋ ಇವತ್ತನ್ನು ದಾಟಿಸುವುದು.
ಅದು ಬಾರದವನು ಗಂಡಸೇ ಅಲ್ಲ ಅನ್ನುತ್ತಿದ್ದ
ಕಾಡ್ ಮೀನಿಗೆ ಹೋಗುತ್ತಿದ್ದ ನನ್ನಪ್ಪ,
ಹಡಗಿನ ಸೋರಿಕೆಗೆ ಕಾರ್ಕು ಹೆಟ್ಟಿ.

ಹೀಗೆ ಎರಡೂ ಕಡೆಯವರು ಕೂಡಿ
ವಾರ ವಾರ ತಿಪ್ಪೆ ಸಾರಿಸಿದೆವು.
ಮೇಲೆ ನೀಲಿ ಹಂಚು ಕೂರಿಸಿದವಳು ನಾನು.

ಈ ಗುರುವಾರ ಜುಲ್ಮೀರಾ ಎದ್ದಳು.
ಅವಳ ಬಲ ಹುಬ್ಬು ಸುಟ್ಟು ಎರಡು ವಾರ.
ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಾಳೆ, ತುಸು ಮೇಲಕ್ಕೇ;
ಒಂದು ಮಗ್ಗುಲಿನಿಂದ ನೋಡಿದರೆ ಸದಾ ಅಚ್ಚರಿಪಟ್ಟವಳು.

“ಮೂರನೇ ಆವಿಗೆಯ ಮಾಪಕ ಸುಳ್ಳು ಹೇಳುತ್ತೆ.
ಒಂಬೈನೂರು ಅಂದಾಗ ಒಳಗೆ ಸಾವಿರ ದಾಟಿರುತ್ತೆ.
ಚಳಿಗಾಲದಿಂದ ಗೊತ್ತಿತ್ತು.
ನಾನೂ ಹೇಳಲಿಲ್ಲ.”

ಕೂತಳು. ಆ ಕೊನೆಯ ಮಾತು
ಈಗಷ್ಟೇ ಹೊರತೆಗೆದ ಹಂಚಿನ ಹಾಗೆ ನನ್ನ ಮುಂದೆ.
ಬರಿಗೈಲಿ ಎತ್ತಬೇಕು.

‘ಏನಂತೆ?’ ಅಂದ ಪೆಂಬರ್ಟನ್.
ನನ್ನ ನಾಲಿಗೆ, ರೂಢಿಯಂತೆ,
‘ಸಣ್ಣದೊಂದು’ ಅನ್ನುವವರೆಗೆ ಹೋಗಿ ನಿಂತಿತು.
ಆಮೇಲೆ ಅವಳಂದದ್ದನ್ನೆಲ್ಲ ಅಂದೆ,
ಡಿಗ್ರಿ ಸಮೇತ, ಚಳಿಗಾಲ ಸಮೇತ.
‘ನಾನೂ ಹೇಳಲಿಲ್ಲ’ ಎಂಬಲ್ಲಿಗೆ ಬಂದಾಗ
ಆ ‘ನಾನು’ ಯಾರೆಂದು
ಒಂದು ಗಳಿಗೆ ಕೋಣೆಯಲ್ಲಿ ಯಾರಿಗೂ ತಿಳಿಯಲಿಲ್ಲ.
ನಾನು ತಿದ್ದಲು ಹೋಗಲಿಲ್ಲ.

ಆತ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದ.
‘ವರದಿಗೆ ನಾನೇ ಸಹಿ ಹಾಕಿದ್ದು,’ ಅಂದ, ಮೇಜಿಗೆ.
ಮತ್ತೆ, ತನಗೆ ಬರುವ ಐದಾರು ಶಬ್ದಗಳಲ್ಲಿ ಹುಡುಕಾಡಿ,
ನನ್ನನ್ನು ಹಾಯ್ದು, ನೇರ ಅವಳಿಗೆ:
‘ದೆಜ್ಲಿಗಾರ್?’
ಆರಿಸೋಣವೇ.

ಆರಿಸಿದೆವು.
ತಣಿಯಲು ಎರಡು ದಿನ ಹಿಡಿಯುತ್ತದಂತೆ.
ಅಲ್ಲಿಯವರೆಗೆ ಬಾಗಿಲು ತೆಗೆಯುವ ಹಾಗಿಲ್ಲ,
ಒಳಗಿರುವುದೆಲ್ಲ ಒಡೆಯುತ್ತದೆ, ಅಂದಳು ಜುಲ್ಮೀರಾ.
ಅದನ್ನೂ ಹಾಗೇ ದಾಟಿಸಿದೆ.