ಐದು ನಿಮಿಷ ಮುಂದೆ

ಬೆಳಿಗ್ಗೆ ಬಂದು ಗುಂಡಿ ಒತ್ತಿದರೆ ದಿನಾ ಅದೇ:
ಜನವರಿ ಒಂದು, ಎರಡು ಸಾವಿರದ ಹತ್ತೊಂಬತ್ತು.
ರಸೀದಿಯ ತಲೆಯ ಮೇಲೆ ಆ ತಾರೀಖು ಕಂಡು
ಮೀನು ತಂದ ಹುಡುಗರಿಗೆ ನಗುವೋ ನಗು.
"ಬಾಲ್ಜಾನಕ್ಕ, ಆಗ ನಾನಿನ್ನೂ ಐದನೇ ಕ್ಲಾಸು,
ನಲವತ್ತು ಕಿಲೋ ಸುದಾಕ್ ಮೀನು ಹೇಗೆ ಹಿಡಿದೆ?"

ಅರ್ಧ ಇಟ್ಟಿಗೆಯಷ್ಟು ಕಂಪ್ಯೂಟರು.
ಪರದೆಯ ಬೆನ್ನಿಗೆ ಕೂಸಿನ ಹಾಗೆ ಕಟ್ಟಿಸಿಕೊಂಡು
ನಾಲ್ಕು ಚಳಿಗಾಲ ತಕ್ಕಡಿಯ ಲೆಕ್ಕ ಬರೆದದ್ದು.
ಅರಾಲ್ಸ್ಕ್ ಸಂತೆಯ ಗಡಿಯಾರದವನು ಹೇಳಿದ:
"ಒಳಗೊಂದು ಬಿಲ್ಲೆ ಸತ್ತಿದೆ, ಅಷ್ಟೇ."
ಕರೀ ಪ್ಲಾಸ್ಟಿಕ್ಕಿನ ಅಂಗಿ ತೊಟ್ಟ ಬಿಲ್ಲೆ,
ಬಾಲಕ್ಕೆ ಎರಡು ತಂತಿ,
ಬೆಲೆ ಒಂದು ರೊಟ್ಟಿಗಿಂತ ತುಸು ಹೆಚ್ಚು.

ನಾಲ್ಕು ತಿರುಪು ಬಿಚ್ಚಿ ಚಹಾದ ಬಸಿಯಲ್ಲಿಟ್ಟೆ.
ಹಳೆಯದನ್ನು ಕಿತ್ತೆ, ಹೊಸದನ್ನು ಚುಚ್ಚಿದೆ,
ಗುಂಡಿ ಒತ್ತಿದೆ.
ನೀಲಿ ದೀಪ ಬಂತು. ಫ್ಯಾನು ಉಸಿರೆಳೆಯಿತು.
ಪರದೆ ಮಾತ್ರ ಕಪ್ಪು,
ಬಲೆ ಇಳಿಬಿಡಲು ಮಂಜುಗಡ್ಡೆಯಲ್ಲಿ ಕೊರೆದ
ತೂತಿನೊಳಗಿನ ನೀರಿನಷ್ಟು.

ಆರಿಸಿದೆ. ಮತ್ತೆ ಒತ್ತಿದೆ. ಅದೇ.
ಕೆಂಪು ತಂತಿ ಕೆಂಪಿನ ಜಾಗದಲ್ಲೇ ಇದೆಯೇ? ಇದೆ.
ಕೇಬಲ್ ಬದಲಿಸಿದೆ. ಆರಿಸಿದೆ, ಒತ್ತಿದೆ.
ರ‍್ಯಾಮ್ ಪಟ್ಟಿ ತೆಗೆದು, ಮಗಳ ರಬ್ಬರಿನಿಂದ
ಅದರ ಹಳದಿ ಹಲ್ಲು ಉಜ್ಜಿ,
ಕಟಕ್ ಅನ್ನುವ ತನಕ ಅದುಮಿ ಕೂರಿಸಿದೆ.
ಮೂವತ್ತು ಎಣಿಸುವವರೆಗೆ ಕಾದೆ.
ಆರಿಸಿದೆ.

ಒರಾಜ್‌ಬೆಕ್ ಅಜ್ಜ ಒಲೆಯ ಪಕ್ಕ ಕೂತು ನೋಡುತ್ತಿದ್ದ.
"ನಮ್ಮ ಟ್ರಾಕ್ಟರಿಗೆ ಹೀಗಾದರೆ ಒದೆಯುತ್ತಿದ್ದೆವು."
"ಒದ್ದರೆ ಹೊರಡುತ್ತಿತ್ತಾ?"
"ಎಲ್ಲಿಂದ. ಆದರೆ ನಮಗೆ ಬೆಚ್ಚಗಾಗುತ್ತಿತ್ತು."

ಸಿಗ್ನಲ್ ಹುಡುಕಿ ಮರಳುದಿಬ್ಬ ಹತ್ತಿ ಫೋನು ಮಾಡಿದೆ.
ಕಿಜಿಲೊರ್ದಾದ ಯೆರ್ಮೆಕ್, ಕಂಪ್ಯೂಟರ್ ಮಾರಿದವನು:
"ಬ್ಯಾಟರಿ ಬದಲಿಸಿದಿರಾ? ಹಾಗಾದರೆ ಅದು..."
ಮೈನಸ್ ಇಪ್ಪತ್ತಾರು. ಕೈಯಲ್ಲೇ ಫೋನು ಕಣ್ಣು ಮುಚ್ಚಿತು.
ಹಾಗಾದರೆ ಅದು ಏನು?
ಸುಟ್ಟಿತೇ? ಸತ್ತಿತೇ? ನಾನೇ ಕೊಂದೆನೇ?
ಗಂಟಲಲ್ಲಿ ಮುಳ್ಳು ಸಿಕ್ಕವಳ ಹಾಗೆ
ಆ ಅರ್ಧ ಮಾತನ್ನು ನುಂಗಲೂ ಆಗದೆ, ಉಗುಳಲೂ ಆಗದೆ
ಇಳಿದು ಬಂದೆ. ಒಂದು ಸಲ ಒತ್ತಿದೆ. ಕಪ್ಪು.

ಅಷ್ಟರಲ್ಲಿ ಹೊರಗೆ ಬಂಡಿ ಬಂತು.
ಮೀನು ಸೌದೆಯ ಹಾಗೆ ಸೆಟೆದು
ನೆಲಕ್ಕೆ ಸುರಿದರೆ ಟಣಟಣ ಸದ್ದು.
ಮೂಲೆಯ ಹಳೇ ತಕ್ಕಡಿ ಎಳೆದು ತಂದು
ತುಕ್ಕು ಹಿಡಿದ ಬಟ್ಟುಗಳಲ್ಲಿ ತೂಗಿದೆ.
ಪೆನ್ನು ಹೆಪ್ಪುಗಟ್ಟಿತ್ತು, ಸೀಸದಕಡ್ಡಿಯಲ್ಲಿ ಬರೆದೆ.
ಆರಿಸುವುದನ್ನು ಮರೆತೇ ಹೋಗಿದ್ದೆ.

ಒಳಗಿಂದ ಅಜ್ಜ ಕೂಗಿದ:
"ಬಾಲ್ಜಾನ್, ನಿನ್ನ ಟ್ರಾಕ್ಟರು ಏನೋ ಕೇಳ್ತಿದೆ!"
ಓಡಿ ಬಂದು ನೋಡಿದರೆ ಬಿಳೀ ಅಕ್ಷರ ಎರಡು ಸಾಲು:
ಇವತ್ತು ಯಾವ ದಿನ? ಈಗ ಎಷ್ಟು ಗಂಟೆ?
ದಿನ ನನಗೆ ಗೊತ್ತಿತ್ತು.
ಗಂಟೆಗೆ ಅಜ್ಜನ ಮಣಿಕಟ್ಟು ಹಿಡಿದು ನೋಡಿದೆ.

ಮಾರನೇ ದಿನ ಯೆರ್ಮೆಕ್ ಆ ಮಾತು ಮುಗಿಸಿದ:
"ಅದು ತನ್ನ ನೆನಪನ್ನೆಲ್ಲ ಮೊದಲಿಂದ ತಡವಿ ನೋಡುತ್ತೆ.
ಬ್ಯಾಟರಿ ಹೋದರೆ ಹಾಗೇ. ಏಳೆಂಟು ನಿಮಿಷ.
ಅಷ್ಟು ಹೊತ್ತು ಮುಟ್ಟಬಾರದು."
ನಾನು ಹದಿನಾರು ಸಲ ಮುಟ್ಟಿದ್ದೆ.
ಬೆರಳು ಮಡಚಿ ಎಣಿಸುತ್ತಿರುವ ಮಗುವಿನ ಕೈ
ಹದಿನಾರು ಸಲ ತಟ್ಟಿ,
ಯಾಕೆ ಉತ್ತರ ಹೇಳಲ್ಲ ಅಂತ ಗದರಿದ ಹಾಗೆ.

ಈಗ ಹುಡುಗರು ರಸೀದಿ ಮಡಚಿ ಸುಮ್ಮನೆ ಜೇಬಿಗಿಡುತ್ತಾರೆ.
ಫೋನಿಗೆ ಜೀವ ಬಂದ ಮೇಲೆ ತಿಳಿದದ್ದು,
ಅಜ್ಜನ ಗಡಿಯಾರ ಐದು ನಿಮಿಷ ಮುಂದಿದೆ,
ನಮ್ಮ ಮೀನಿನ ಲೆಕ್ಕವೂ.
ಸರಿಮಾಡುವ ಪುಟಕ್ಕೆ ಹೋಗಲು
ಒಮ್ಮೆ ಆರಿಸಿ ಹಚ್ಚಬೇಕಂತೆ.
ಗುಂಡಿಯ ತನಕ ಹೋದ ಬೆರಳನ್ನು
ಹಿಂದಕ್ಕೆ ತೆಗೆದುಕೊಂಡೆ.