ಇನ್ನೂರು ಮೀಟರ್

ಡಯಲ್ಲಿನ ಮ್ಯಾಲ ಬರದೈತಿ: ಇನ್ನೂರು ಮೀಟರ್.
ನಮ್ಮ ಬೆಟಗೇರಿಗೆ ನಳದ ನೀರು
ಹನ್ನೆರಡು ದಿನಕ್ಕೊಮ್ಮೆ.
ಬಂದ ದಿನಾನೂ ಮೊಣಕೈಗಿಂತ ಆಳ
ಕೈ ಇಳಿಸಿದವರು ಈ ಓಣ್ಯಾಗ ಯಾರೂ ಇಲ್ಲ.

ನನಗ ಈಜು ಬರೂದಿಲ್ಲ.
ಆದರೂ ಹನ್ನೊಂದು ಅದಾವ ಡಬ್ಬ್ಯಾಗ,
ಎಲ್ಲಾ ಕಂಪನಿ ಮಾಡೂದು ಬಿಟ್ಟದ್ದು.
ಮುಳುಗೋರ ವಾಚು ಅಂದ್ರ ಬುಡನ್‌ಸಾಬ ನಗತಾನ,
‘ಮುಳುಗಿ ಏಳೋರದು ಅನ್ರಿ.’

ಜೆರಾಕ್ಸ್ ಅಂಗಡಿ ಮೆಟ್ಟಿಲ ಕೆಳಗ ಅವನ ಮೇಜು.
ಒಂದು ಕಣ್ಣಿಗೆ ಭೂತಗನ್ನಡಿ, ಇನ್ನೊಂದು ಕಣ್ಣು ರಸ್ತೆ ಕಡೆ.
ಒಂದ್ಸಲ ಕಾರವಾರದಿಂದ ಬಂದದ್ದೊಂದು ಬಿಚ್ಚಿದ,
ಹಡಗಿನ ತಳಾ ತಿಕ್ಕೋ ಕೆಲಸದಾಂವಂದು ಅದು.
ಮುಚ್ಚಳದ ಅಂಚಿಗೆ ಬೆಳ್ಳಗ ಉಪ್ಪು.
ಬ್ರಷ್ ಎತ್ತಿದ ಕೈ ಹಿಡದೆ.
ಬೆರಳ ತುದೀಲೆ ತಗೊಂಡು ನಾಲಿಗೀಗೆ ಹಚ್ಚಿದೆ.
ನಾನು ಕಂಡ ಸಮುದ್ರ ಅಷ್ಟ.

ಕೀಲಿ ಬ್ಯಾಡ, ಸೆಲ್ಲು ಬ್ಯಾಡ,
ಇವಕ್ಕ ಒಂದು ಆಡೋ ಕೈ ಬೇಕು.
ಪ್ರೆಸ್ಸಿನ್ಯಾಗ ಟ್ರೆಡಲ್ ಇದ್ದಾಗ
ದಿನಾ ಸಾವಿರ ಲಗ್ನಪತ್ರಿಕೆ ಕೊಡತಿತ್ತು ಈ ಕೈ,
ಹಾಕು, ತಗಿ, ಹಾಕು, ತಗಿ,
ವಾಚು ಕುಣೀತಿದ್ವು.
ಈಗ ಪರದೆ ಮುಂದ ಮೌಸ್ ಹಿಡದು ಕೂಡತೈತಿ.
ಸಂಜಿ ಅನ್ನೂದ್ರಾಗ ಮುಳ್ಳು ತೂಕಡಸತಾವ.

‘ಕುಂತಲ್ಲೇ ಸಾಯಾಕ ಹತ್ಯಾವ, ಕೊಡ್ರಿ ಇತ್ತ’
ಅಂದಳು ನೀಲಗಂಗಾ.
ಅಕೀದು ರೊಟ್ಟಿ ಕೇಂದ್ರ, ಒಂಬತ್ತು ಮಂದಿ ಹೆಣ್ಮಕ್ಕಳು.
ಒಂದೊಂದು ಕೈಗೆ ಒಂದೊಂದು ಕಟ್ಟಿದಳು.
ದಪ್ ದಪ್ ದಪ್ ದಪ್
ಒಳಗಿನ ತೂಕದ ಬಿಲ್ಲೆ ಗಿರಿಗಿರಿ.
ನನ್ನ ಎದಿನೂ.
ಬಳಿಯ ಹಲ್ಲಿನ್ಯಾಗ ಜೋಳದ ಹಿಟ್ಟು,
ಗಾಜಿನ ಮ್ಯಾಲ ಹಂಚಿನ ಹಬಿ.
ನಾನು ಇಟ್ಟುಕೊಂಡ ನಂಬರು ಯಾರಿಗೆ ಬೇಕು?
‘ಹಳದಿ ಮಾರಿದು ನಂದು’ ಅಂತಾಳ ಮಾಬೂಬಿ,
‘ಆಮಿಗತೆ ದಪ್ಪಂದು ಫಕೀರವ್ವಂದು.’

ಹೊರಗಿನ ಬಳಿ ಒಂದ ಕಡೆ ತಿರಗತೈತಿ.
ನೀರಿನ್ಯಾಗ ಇಳಿದಾಂವ ಅಪ್ಪಿ ತಪ್ಪಿ ತಾಗಿಸಿದರೂ
ಇದ್ದ ಉಸಿರು ಕಮ್ಮಿ ಕಂಡೀತು,
ಹೆಚ್ಚು ಕಾಣಬಾರದು.
ಇದನ್ನ ಹೇಳಿದೆ ಒಮ್ಮೆ, ರೊಟ್ಟಿ ಬೇಯೋ ಹೊತ್ತಿನ್ಯಾಗ.
ಯಾರೂ ತಲಿ ಎತ್ತಲಿಲ್ಲ.

ಒಂದು ಶುಕ್ರವಾರ ಫಕೀರವ್ವ ಬರಲಿಲ್ಲ.
ಆಮಿನೂ ಬರಲಿಲ್ಲ.
ಫೋನು ಸ್ವಿಚ್ಚಾಫ್.
ನಾಕೊಂದಲೆ ನಾಕು, ಬರೇ ನಾಕತ್ತೊಂದು ತಾಸು ಅದರ ದಮ್ಮು,
ಲೆಕ್ಕ ತಪ್ಪಿ ತಪ್ಪಿ ಹೇಳತೀನಿ ನೋಡ್ರಿ.
ಶನಿವಾರ ರಾತ್ರಿ ಎದ್ದು ಕುಂತೆ.
ಈಗ ನಿಂತಿರತೈತಿ.
‘ಅದು ಹೋದ್ರ ಮತ್ತ ಸಿಗೂದಿಲ್ಲ’ ಅಂದೆ.
‘ಫಕೀರವ್ವ ಹೋದ್ರ ಸಿಗತಾಳೇನು?’
ಅಂದು ಆ ಕಡೆ ಹೊಳ್ಳಿದಳು ನೀಲಗಂಗಾ.

ಹತ್ತೊಂಬತ್ತನೇ ದಿನ ಬಂದಳು, ರಾಣೆಬೆನ್ನೂರಿಂದ,
ಕಣ್ಣ ಕೆಳಗ ಕಪ್ಪು.
ಕೈಯಾಗ ಆಮಿ, ನಡೀತಿತ್ತು.
ನಾಕು ಮಿನಿಟು ಮುಂದ.
ಕಿವಿಗೆ ಹಿಡಕೊಂಡೆ, ನಾಚಿಗೆ ಬಿಟ್ಟು.

‘ತೊಟ್ಟಿಲಾ ತೂಗತಿದ್ನೆಲ್ರಿ, ಇದ ಕೈಲೆ.
ಮಗಳು ಏಳು ತಿಂಗಳಿಗೆ ಹಡದಾಳ.
ಎರಡೆರಡು ತಾಸಿಗೆ ಹಾಲು ಹಾಕ್ರಿ ಅಂದ್ರು ಡಾಕ್ಟರು.
ಕುಡಿಸಿದಾಗೊಮ್ಮೆ ಈ ಬಳಿ ತಿರುವಿ ಇಡತಿದ್ದೆ.
ಹಿಂದಕ ಸರಿಯೂದಿಲ್ಲಲ್ರಿ ಇದು,
ನಿದ್ದಿಗಣ್ಣಾಗ ತಪ್ಪಿದ್ರೂ
ಕೂಸಿಗೆ ಲಗೂನ ಹಾಲು ಸಿಗತಿತ್ತು.’

ಅಂದ್ರ ಅವತ್ತು ಕೇಳಿದ್ದಳು.

ಪಟ್ಟಿ ಬಿಚ್ಚಾಕ ಹತ್ತಿದಳು.
ಹಿಟ್ಟು ಕುಂತು ಪಿನ್ನು ಬಿಗಿ ಆಗಿತ್ತು.
‘ಇರಲಿ’ ಅಂದೆ,
‘ಶುಕ್ರವಾರ ಮತ್ತ ಹೊಂಟೀಯಲ್ಲ.’
ಕೂಸಿನ ತೂಕ ಎಷ್ಟಂತ ಕೇಳೂದು ನನಗ ಹೊಳೀಲಿಲ್ಲ,
ನೀಲಗಂಗಾ ಕೇಳಿದಳು.

ಡಬ್ಬ್ಯಾಗ ಆಮಿಯ ಜಾಗಾ ಖಾಲಿ ಐತಿ,
ಬಟ್ಟಿ ಮ್ಯಾಲ ಅದರ ಬೆನ್ನಿನ ಗುರುತು.
ಎಷ್ಟು ಅದಾವ್ರಿ ಅಂತ ಕೇಳಿದೋರಿಗೆ
ಇನ್ನೂ ಹನ್ನೊಂದಂತ ಹೇಳತೀನಿ.